ಸೊಸೆ ಸಾಕಿದ ಜೇಡ

ಸೋದರಿಯರೇ,

ಕಳೆದ ಸಂಚಿಕೆಯಲ್ಲಿ ಹಲಸಿನ ಹಪ್ಪಳದ ವಿಷಯ ಬರೆದಿದ್ದೆನಲ್ಲ, ಅದಕ್ಕೆ ಬಂದ ಪತ್ರಗಳ ನಡುವೆ ಶಿಕಾರಿಪುರದ ಸೋದರಿಯೊಬ್ಬರ ಪತ್ರ ಬೇರೆಯೇ ಇತ್ತು. ಅವರ ಮಗ ಕಾಲೇಜಿಗೆ ಹೋಗುತ್ತಾನೆ. ಮೊಬೈಲಿನಲ್ಲಿ ಏನೇನೋ ನೋಡಿ, ಅಂಗೈಯಗಲದ ಟರಾಂಟುಲಾ ಜೇಡ ಸಾಕುತ್ತೇನೆಂದು ಹಟ ಹಿಡಿದಿದ್ದಾನಂತೆ. “ನಾಯಿ, ಬೆಕ್ಕು ಸಾಕಿದವರನ್ನು ನೋಡಿದ್ದೇನೆ. ಗಾಜಿನ ಪೆಟ್ಟಿಗೆಯಲ್ಲಿ ಮೀನು ಸಾಕಿದವರನ್ನೂ ನೋಡಿದ್ದೇನೆ. ಜೇಡ ಸಾಕುವುದುಂಟಾ ಅಕ್ಕಾ? ನೀವಾದರೂ ಅವನಿಗೆ ನಾಲ್ಕು ಬುದ್ಧಿಮಾತು ಬರೆಯಿರಿ” ಎಂದು ಕೇಳಿದ್ದಾರೆ.

ಓದಿ ನಗು ಬಂತು. ಹಿಂದೆಯೇ ಸ್ವಲ್ಪ ನಾಚಿಕೆಯೂ ಆಯಿತು. ಯಾಕೆಂದರೆ ಇದೇ ಪ್ರಶ್ನೆಯನ್ನು ನಾನೂ ಒಬ್ಬಳಿಗೆ ಕೇಳಿದ್ದೆ. ಕೇಳಿದ ರೀತಿ ಮಾತ್ರ ಚೆನ್ನಾಗಿರಲಿಲ್ಲ. ಬುದ್ಧಿ ಹೇಳುವ ಮೊದಲು ಆ ಕಥೆಯನ್ನೇ ಹೇಳಿಬಿಡುತ್ತೇನೆ.

ನನ್ನ ಮಗ, ಸೊಸೆ ಇಂಗ್ಲೆಂಡಿನಲ್ಲಿ, ಲಂಡನ್ನಿಗೆ ಹತ್ತಿರದ ರೀಡಿಂಗ್ ಎಂಬ ಊರಿನಲ್ಲಿದ್ದಾರೆ. ಸೊಸೆ ಬೆಂಗಳೂರಿನ ಹುಡುಗಿ. ಅವಳಿಗೆ ತಾಯಿಯಿಲ್ಲ, ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡರು. ಆದ್ದರಿಂದ ಬಾಣಂತನಕ್ಕೆ ನಾನೇ ಹೋಗಬೇಕಾಯಿತು. 2023ರ ಸೆಪ್ಟೆಂಬರ್ ಮೊದಲ ವಾರ ಮೆಂತ್ಯ, ಶುಂಠಿ ಪುಡಿ, ಅಂಟಿನುಂಡೆಯ ಸಾಮಾನು, ಎರಡು ಜರಡಿ ಹಿಡಿದ ಅರಿಸಿನದ ಪುಡಿ ಎಲ್ಲ ಕಟ್ಟಿಕೊಂಡು ಸೊರಬದಿಂದ ಹೊರಟೆ. ಆರು ತಿಂಗಳ ವೀಸಾ.

ಮನೆ ಚಿಕ್ಕದಾದರೂ ಓರಣವಾಗಿತ್ತು. ಒಂದು ಸಣ್ಣ ಕೋಣೆಗೆ ಮಾತ್ರ ಬಾಗಿಲು ಹಾಕಿತ್ತು. “ಅದು ಎಂತದಾ?” ಅಂದೆ. ಮಗ ಸೊಸೆಯ ಮುಖ ನೋಡಿದ. ಸೊಸೆ, “ಅತ್ತೆ, ನಿಮಗೆ ಮೊದಲೇ ಹೇಳಬೇಕಿತ್ತು. ಅಲ್ಲಿ ನನ್ನ ಜೇಡಗಳಿವೆ” ಅಂದಳು.

ಜೇಡವೆಂದರೆ ನಮ್ಮ ಬಚ್ಚಲಿನ ಮೂಲೆಯಲ್ಲಿ ಬಲೆ ಕಟ್ಟುವ ಜೇಡ ಎಂದುಕೊಂಡೆ. ಬಾಗಿಲು ತೆಗೆದು ನೋಡಿದರೆ ಬೀರುವಿನ ತುಂಬ ಪ್ಲಾಸ್ಟಿಕ್ಕಿನ, ಗಾಜಿನ ಪೆಟ್ಟಿಗೆಗಳು. ಒಂದರಲ್ಲಿ ಕಪ್ಪು ಮೈ, ಕಾಲಿನ ಗೆಣ್ಣುಗಳಲ್ಲಿ ಕೆಂಪು ಕಿತ್ತಳೆ ಬಣ್ಣ, ಮೈತುಂಬ ರೋಮ. ನನ್ನ ಅಂಗೈಯಷ್ಟು ದೊಡ್ಡದು ಸುಮ್ಮನೆ ಕೂತಿದೆ! ಎದೆ ಝಲ್ಲೆಂದಿತು. ನಮ್ಮ ಮನೆಯಲ್ಲಿ ಯಾರಿಗಾದರೂ ತುಟಿಯ ಮೇಲೆ ಗುಳ್ಳೆ ಎದ್ದರೆ “ಜೇಡ ಉಚ್ಚೆ ಹೊಯ್ದಿದೆ” ಎಂದು ಹೇಳಿಕೊಂಡೇ ಬೆಳೆದವಳು ನಾನು. ಇಲ್ಲಿ ನೋಡಿದರೆ ತುಂಬು ಬಸುರಿ ಹುಡುಗಿ ಇಂಥದ್ದನ್ನು ಮನೆಯೊಳಗೆ ಇಟ್ಟುಕೊಂಡಿದ್ದಾಳೆ.

ಮೂರು ದಿನ ತಡೆದುಕೊಂಡೆ. ನಾಲ್ಕನೆಯ ದಿನ ಬೆಳಿಗ್ಗೆ ಮಗ, “ಕ್ರಿಕೆಟ್ ತಂದಿದ್ದೀನಿ” ಅಂದ. ಬ್ಯಾಟು, ಚೆಂಡು ಇರಬೇಕೆಂದುಕೊಂಡರೆ ಡಬ್ಬಿ ತುಂಬ ಹುಳ! ನಮ್ಮಲ್ಲಿ ರಾತ್ರಿಯೆಲ್ಲ ಕಿರ್ ಎನ್ನುತ್ತವಲ್ಲ, ಆ ಜಾತಿಯವು. ಅವೇ ಜೇಡಗಳಿಗೆ ಆಹಾರ. ಆ ಹುಳಗಳಿಗೆ ಮತ್ತೆ ಕ್ಯಾರೆಟ್ ಹೆಚ್ಚಿ ಹಾಕುತ್ತಾರೆ. ನನ್ನ ಸಹನೆ ಮುಗಿದೇಹೋಯಿತು. “ಮಗು ಬರೋದ್ರೊಳಗೆ ಇವನ್ನೆಲ್ಲ ಯಾರಿಗಾದ್ರೂ ಕೊಟ್ಟುಬಿಡಿ” ಅಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. “ಹುಳ ಹುಪ್ಪಟೆ ಸಾಕೋಳಿಗೆ ಮಗು ಸಾಕೋ ಪುರುಸೊತ್ತು ಎಲ್ಲಿ ಬರ್ತದೆ” ಎಂದೂ ಸೇರಿಸಿದೆ.

ಸೊಸೆ ಏನೂ ಹೇಳಲಿಲ್ಲ. ಕಾಫಿ ಲೋಟ ತೊಳೆದು ಬೋರಲು ಹಾಕಿ ಒಳಗೆ ಹೋದಳು. ಅವಳು ತಿರುಗಿ ಎರಡು ಮಾತು ಅಂದಿದ್ದರೂ ನನಗೆ ಅಷ್ಟು ಚುಚ್ಚುತ್ತಿರಲಿಲ್ಲ.

ಸಂಜೆ ಮಗ ನನ್ನನ್ನು ವಾಕಿಂಗಿಗೆ ಕರೆದುಕೊಂಡು ಹೋದ. “ಅಮ್ಮ, ಅವಳು ಓದೋಕೆ ಬಂದಾಗ ಇಲ್ಲಿ ಅವಳಿಗೆ ಯಾರೂ ಇರಲಿಲ್ಲ. ಬಾಡಿಗೆ ಕೋಣೇಲಿ ನಾಯಿ, ಬೆಕ್ಕು ಸಾಕೋ ಹಾಗಿಲ್ಲ. ಕತ್ತಲಾದ್ಮೇಲೆ ಬರೋಳು, ಕೋಣೇಲಿ ಜೀವ ಅಂತ ಇದ್ದಿದ್ದು ಆ ಕೆಂಪುಕಾಲಿನ ಜೇಡ ಒಂದೇ. ನನಗಿಂತ ಮೊದಲು ಅವಳ ಮನೆಗೆ ಬಂದಿದ್ದು ಅದು” ಅಂದ. ಆ ಜೇಡಕ್ಕೆ ಅವರು ಇಟ್ಟ ಹೆಸರು ಕೆಂಪಿ. ನಮ್ಮ ಕೊಟ್ಟಿಗೆಯಲ್ಲೂ ಒಬ್ಬಳು ಕೆಂಪಿ ಇದ್ದಳು. ಅವಳ ನೆನಪಿಗೇ ಮಗ ಆ ಹೆಸರು ಇಟ್ಟಿದ್ದನಂತೆ. ನಾನು ಉತ್ತರ ಕೊಡಲಿಲ್ಲ.

ಮರುದಿನ ನಾನಾಗಿಯೇ, “ಎಂತೆಂತ ಇದಾವೆ ತೋರಿಸು ಮಾರಾಯ್ತಿ” ಅಂದೆ. ಅವಳಿಗೆ ಅಷ್ಟೇ ಸಾಕಾಯಿತು. ಕುರ್ಚಿ ಹಾಕಿಕೊಂಡು ಕೂತು ಒಂದೊಂದರ ಜಾತಕ ಹೇಳಿದಳು.

ಕೆಂಪಿ ಮೆಕ್ಸಿಕೋ ದೇಶದ ಜಾತಿ. ಇಂಗ್ಲಿಷಿನಲ್ಲಿ ಕೆಂಪು ಮಂಡಿಯ ಟರಾಂಟುಲಾ ಅನ್ನುತ್ತಾರೆ. ಹೆಣ್ಣಾದರೆ 20 ವರ್ಷಕ್ಕೂ ಹೆಚ್ಚು ಬದುಕುತ್ತದೆ. ಗಂಡಿಗೆ ಅಷ್ಟು ಆಯುಸ್ಸಿಲ್ಲ. ಕೊನೆಯ ಪೊರೆ ಬಿಟ್ಟು ಪ್ರಾಯಕ್ಕೆ ಬಂದ ಮೇಲೆ ಹೆಣ್ಣನ್ನು ಹುಡುಕಿಕೊಂಡು ಅಲೆಯುವುದೇ ಅದರ ಕೆಲಸ. ಕೆಲವು ತಿಂಗಳು, ಹೆಚ್ಚೆಂದರೆ ವರ್ಷ ಎರಡು ವರ್ಷದಲ್ಲಿ ಮುಗಿಯಿತು. ಕಣ್ಣು ಎಂಟಿದ್ದರೂ ದೃಷ್ಟಿ ಅಷ್ಟಕ್ಕಷ್ಟೆ. ನೆಲ ಅದುರಿದ್ದನ್ನು ಕಾಲಿನಿಂದಲೇ ತಿಳಿಯುತ್ತದೆ. ಬಲೆ ಹೆಣೆದು ನೊಣ ಹಿಡಿಯುವ ಜಾತಿಯಲ್ಲ ಇದು. ಬಿಲದ ಬಾಯಲ್ಲಿ ಕಾದು ಕೂತು, ಹತ್ತಿರ ಬಂದ ಹುಳವನ್ನು ಹಾರಿ ಹಿಡಿಯುತ್ತದೆ.

ಖರ್ಚು ಕೇಳಿದೆ. ಬೆಕ್ಕಿನ ಖರ್ಚಿನ ಕಾಲು ಭಾಗವೂ ಇಲ್ಲ. ದೊಡ್ಡ ಜೇಡಕ್ಕೆ ವಾರಕ್ಕೋ ಹತ್ತು ದಿನಕ್ಕೋ ಒಂದೆರಡು ಹುಳ. ಸಣ್ಣ ಬಟ್ಟಲಿನಲ್ಲಿ ಶುದ್ಧ ನೀರು. ಕೂರಲು ನಾಲ್ಕೈದು ಬೆರಳು ದಪ್ಪ ತೆಂಗಿನ ನಾರಿನ ಪುಡಿ. ನಮ್ಮ ತೋಟದಲ್ಲಿ ಬುಡಕ್ಕೆ ಸುರಿಯುವ ಸಿಪ್ಪೆಯ ಪುಡಿಯನ್ನೇ ಅಲ್ಲಿ ಇಟ್ಟಿಗೆಯ ಹಾಗೆ ಒತ್ತಿ ಮಾರುತ್ತಾರೆ! ತಿಂದುಳಿದ ಹುಳದ ಚೂರನ್ನು ಮಾತ್ರ ಮರುದಿನವೇ ತೆಗೆಯಬೇಕು. ಇಲ್ಲದಿದ್ದರೆ ಬೂಸಲು ಬರುತ್ತದೆ. ಉಪ್ಪಿನಕಾಯಿ ಭರಣಿಗೆ ಒದ್ದೆ ಚಮಚ ಹಾಕಬಾರದು ಅಂತೀವಲ್ಲ, ಹಾಗೆಯೇ ಶಿಸ್ತು.

“ಮುದ್ದು ಮಾಡಿದ್ರೆ ಗೊತ್ತಾಗ್ತದಾ ಅದಕ್ಕೆ?” ಅಂದೆ.

“ಇಲ್ಲ ಅತ್ತೆ. ಮುಟ್ಟೋದೇ ಇಲ್ಲ. ಅದಕ್ಕೆ ನಾನು ಯಾರು ಅಂತಾನೂ ಗೊತ್ತಿಲ್ಲ” ಅಂದಳು.

ನನಗೆ ಇದು ಸೋಜಿಗವೆನಿಸಿತು. ಗೊತ್ತೇ ಇಲ್ಲದ ಜೀವಕ್ಕೆ ಇಷ್ಟು ವರ್ಷ ನೀರಿಟ್ಟು, ಹೊಟ್ಟೆ ನೋಡಿ, ಹಗಲೂ ರಾತ್ರಿ ಚಳಿ ತಾಗದ ಹಾಗೆ ನೋಡಿಕೊಂಡಿದ್ದಾಳಲ್ಲ.

ಅವಳ ಜಾಗ್ರತೆಯನ್ನೂ ಹೇಳಬೇಕು. ಬೀರುವಿಗೆ ಬೀಗ, ಬೀಗದ ಕೈ ಎತ್ತರದ ಮೊಳೆಯಲ್ಲಿ. ಕೆಂಪಿಯಂಥ ಅಮೆರಿಕಾ ಖಂಡದ ಜೇಡಗಳಲ್ಲಿ ಬಹಳಷ್ಟು ಕೋಪ ಬಂದರೆ ಹಿಂಗಾಲಿನಿಂದ ಬೆನ್ನಿನ ರೋಮ ಕೆರೆದು ತೂರುತ್ತವೆ. ನಮ್ಮ ನಸುಗುನ್ನಿ ಕಾಯಿ ತಾಗಿದ ಹಾಗೆ ತುರಿಕೆ. ಕಣ್ಣಿಗೆ ಬಿದ್ದರಂತೂ ಅಪಾಯ. ಅದಕ್ಕೇ ಬಸುರಿಯಾದ ಮೇಲೆ ಪೆಟ್ಟಿಗೆ ಚೊಕ್ಕಟ ಮಾಡುವುದೆಲ್ಲ ಮಗನ ಪಾಲಿಗೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ನಮ್ಮ ಏಷ್ಯಾದ ಜೇಡಗಳಿಗೆ ಆ ರೋಮವಿಲ್ಲ, ಬದಲಿಗೆ ಕಡಿತ ಜೋರು. ಪ್ರಾಣ ತೆಗೆಯುವ ವಿಷವಲ್ಲವಂತೆ, ಆದರೆ ಕೆಲವು ಜಾತಿ ಕಡಿದರೆ ಮಾಂಸಖಂಡ ಹಿಡಿದುಕೊಂಡು ದಿನಗಟ್ಟಲೆ ನರಳಬೇಕು.

“ನಮ್ಮ ದೇಶದ್ದೂ ಉಂಟಾ?” ಅಂದೆ.

ಎತ್ತರದ ಗಾಜಿನ ಪೆಟ್ಟಿಗೆ ತೋರಿಸಿದಳು. ಮರದ ತೊಗಟೆಯ ಪೊಟರೆ, ಅದರ ಬಾಯಿಗೆ ರೇಷ್ಮೆಯಂಥ ಬಿಳಿ ಪರದೆ. ಟಾರ್ಚು ಹಿಡಿದಾಗ ಒಂದು ಕಾಲು ಕಂಡಿತು. ಎಂಥ ನೀಲಿ ಅಂತೀರಿ! ಮದುವೆಗೆ ಉಡುವ ಮೈಸೂರು ರೇಷ್ಮೆ ಸೀರೆಯಲ್ಲೂ ಆ ನೀಲಿ ನೋಡಿಲ್ಲ. ನಡುನಡುವೆ ಹಳದಿ, ಬಿಳಿ ಚಿತ್ತಾರ. “ಇವಳು ನೀಲಿ. ಗುತ್ತಿಯವಳು” ಅಂದಳು ಸೊಸೆ.

ಸೊರಬದವರಿಗೆ ಗುತ್ತಿ ಅಂದರೆ ಇನ್ನೇನು? “ನಮ್ಮ ಚಂದ್ರಗುತ್ತಿಯಾ!” ಅಂದೆ. ಅವಳು ಬಿದ್ದು ಬಿದ್ದು ನಕ್ಕಳು. ನಾನು ಹೋದ ಮೇಲೆ ಅವಳು ಮನಸಾರೆ ನಕ್ಕಿದ್ದು ಅವತ್ತೇ ಮೊದಲು. ಇದು ಬಳ್ಳಾರಿಯಿಂದಾಚೆ ಆಂಧ್ರದ ಗುತ್ತಿಯಂತೆ. ಅಲ್ಲಿ ರೈಲ್ವೆಯ ಮರಮುಟ್ಟಿನ ಅಂಗಳದಲ್ಲಿ ಸಿಕ್ಕ ಒಂದು ಜೇಡವನ್ನು ನೋಡಿ ಪೋಕಾಕ್ ಎಂಬ ಇಂಗ್ಲಿಷ್ ವಿಜ್ಞಾನಿ 1899ರಲ್ಲಿ ಅದಕ್ಕೆ ಹೆಸರಿಟ್ಟ. ಆಮೇಲೆ ಸುಮಾರು ನೂರು ವರ್ಷ ಅದು ವಿಜ್ಞಾನಿಗಳ ಕಣ್ಣಿಗೇ ಬೀಳಲಿಲ್ಲ. ಕೊನೆಗೆ ಸಿಕ್ಕಿದ್ದು ನಂದ್ಯಾಲ, ಗಿದ್ದಲೂರಿನ ನಡುವಿನ ಕಾಡಿನಲ್ಲಿ. ಸೌದೆಗೆಂದು ಹಳೆಯ ಮರ ಕಡಿದದ್ದರಿಂದ, ಮಾರಲು ಹಿಡಿದದ್ದರಿಂದ ಈಗ ಅದು ನಿರ್ನಾಮದ ಅಂಚಿನಲ್ಲಿದೆ. ಇದೇ ಕುಟುಂಬದಲ್ಲಿ ಇಂಗ್ಲಿಷ್ ಹೆಸರಿನಲ್ಲೇ ‘ಮೈಸೂರು’ ಇರುವ ಇನ್ನೊಂದು ಜೇಡವೂ ಇದೆ. ಅದು ನಮ್ಮ ಪಶ್ಚಿಮ ಘಟ್ಟದ್ದು. ಸೊಸೆಯ ನೀಲಿ ಕಾಡಿನಿಂದ ಬಂದವಳಲ್ಲ. ಅಲ್ಲೇ ಸಾಕಿದವರ ಮನೆಯಲ್ಲಿ ಹುಟ್ಟಿದವಳು. ಅದರ ರಸೀದಿಯನ್ನು ಬಂಗಾರದ ಚೀಟಿಯ ಹಾಗೆ ಕಾಪಾಡಿಕೊಂಡಿದ್ದಾಳೆ.

ಆ ನೀಲಿಯೂ ಆಗ ಬಾಣಂತಿಯೇ! ಜೂನಿನಲ್ಲಿ ಇನ್ನೊಬ್ಬರ ಮನೆಯಿಂದ ಗಂಡು ತಂದು ಬಿಟ್ಟಿದ್ದರಂತೆ. ಗಂಡು ಮೊದಲು ಮುಂಗಾಲಿನಿಂದ ಟಪಟಪ ಬಡಿದು ‘ಬರಲಾ’ ಎಂದು ಕೇಳಬೇಕು. ಹೆಣ್ಣು ತಿರುಗಿ ಬಡಿದರೆ ಒಪ್ಪಿಗೆ. ಮನಸ್ಸಿಲ್ಲದಿದ್ದರೆ ಗಂಡನ್ನೇ ತಿಂದುಹಾಕುವುದೂ ಉಂಟು. ಹುಟ್ಟಿದ ಮರಿಯಲ್ಲಿ ಅರ್ಧ ಪಾಲು ಗಂಡು ಕೊಟ್ಟವರಿಗೆ. ನಮ್ಮ ಕಡೆ ದನ ಪಾಲಿಗೆ ಬಿಡುವ ಲೆಕ್ಕವೇ. ಆಗಸ್ಟ್ ಕೊನೆಗೆ ನೀಲಿ ಮೊಟ್ಟೆಯಿಟ್ಟು ರೇಷ್ಮೆಯಲ್ಲಿ ಗಂಟು ಕಟ್ಟಿ ಅಪ್ಪಿಕೊಂಡು ಕೂತಿದ್ದಳು. ಆ ಗಂಟನ್ನು ತಾನೇ ಆಗಾಗ ಹೊರಳಿಸುತ್ತಾಳೆ. ಗಲಾಟೆಯಾದರೆ, ಹೆದರಿದರೆ ಗಂಟನ್ನೇ ತಿಂದುಬಿಡಬಹುದು. ಕೆಲವರು ನಡುವೆಯೇ ಗಂಟು ಬಿಡಿಸಿಕೊಂಡು ಬೇರೆ ಡಬ್ಬಿಯಲ್ಲಿ ಮರಿ ಮಾಡಿಸುತ್ತಾರಂತೆ. “ನನಗೆ ತಾಯಿಯಿಂದ ಕಿತ್ತುಕೊಳ್ಳೋಕೆ ಮನಸ್ಸು ಬರಲಿಲ್ಲ ಅತ್ತೆ” ಅಂದಳು. ಅವತ್ತಿನಿಂದ ಆ ಕೋಣೆಯ ಬಾಗಿಲನ್ನು ನಾನೂ ಮೆಲ್ಲಗೆ ಹಾಕತೊಡಗಿದೆ. ಬಾಣಂತಿ ಕೋಣೆಯೆಂದರೆ ಏನೆಂದು ನನಗೆ ಯಾರೂ ಕಲಿಸಬೇಕಿಲ್ಲವಲ್ಲ.

ಅಕ್ಟೋಬರ್ ಮೊದಲ ವಾರ ಒಂದು ರಾತ್ರಿ ಸೊಸೆಗೆ ನೋವು ಕಾಣಿಸಿಕೊಂಡಿತು. ಇಬ್ಬರೂ ಆಸ್ಪತ್ರೆಗೆ ಹೋದರು. ಹೋಗುವ ಮೊದಲು, ಆ ನೋವಿನಲ್ಲೂ, ಬೀರುವಿನ ಮೇಲೆ ಒಂದು ಚೀಟಿ ಅಂಟಿಸಿದ್ದಳು: “ನೀಲಿಯ ಹತ್ತಿರ ಹೋಗುವುದು ಬೇಡ. ಕೆಂಪಿಗೆ ನೀರು ಮಾತ್ರ. ಹುಳ ಹಾಕಬೇಡಿ.”

ಈಗ ನನ್ನ ತಪ್ಪು ಹೇಳುತ್ತೇನೆ, ನಗಬೇಡಿ. ಕೆಂಪಿ ಮೂರು ವಾರದಿಂದ ಏನೂ ತಿಂದಿರಲಿಲ್ಲ. ಮನೆಯಲ್ಲಿ ನಾನಿದ್ದು ಒಂದು ಜೀವ ಉಪವಾಸವಿರುವುದೆಂದರೇನು? ಮಕ್ಕಳು ಬೇಡವೆಂದರೂ ಇನ್ನೊಂದು ದೋಸೆ ಹಾಕುವ ಕೈ ನನ್ನದು. ಸಂಜೆ ನೀರಿಡುವಾಗ, ಪಾಪ ಎನಿಸಿ, ಮುಚ್ಚಳದ ಸಣ್ಣ ಕಿಂಡಿಯಿಂದ ಒಂದು ಕ್ರಿಕೆಟ್ ಹುಳವನ್ನು ಒಳಗೆ ಉದುರಿಸಿಬಿಟ್ಟೆ.

ಬೆಳಿಗ್ಗೆ ಎದ್ದು ನೋಡಿದರೆ ಕೆಂಪಿ ಅಂಗಾತ ಬಿದ್ದಿದ್ದಾಳೆ! ಎಂಟೂ ಕಾಲು ಮೇಲಕ್ಕೆ. ಅಲುಗಾಟವಿಲ್ಲ. ನನ್ನ ಕೈಕಾಲು ತಣ್ಣಗಾಯಿತು. ಅಷ್ಟು ವರ್ಷ ಸಾಕಿದ್ದು ನನ್ನ ಕೈಯಲ್ಲಿ ಒಂದೇ ರಾತ್ರಿಗೆ ಹೋಯಿತಲ್ಲ, ಆ ಹುಡುಗಿಗೆ ಇಂಥ ಹೊತ್ತಿನಲ್ಲಿ ಏನೆಂದು ಹೇಳಲಿ? ನಾನು ಮೊದಲು ಆಡಿದ ಮಾತು ನೆನಪಾಗಿ, ಬೇಕೆಂದೇ ಮಾಡಿದಳು ಎಂದುಕೊಂಡರೆ? ದೇವರ ಮುಂದೆ ಹೋಗಿ ನಿಂತೆ. ಅಷ್ಟರಲ್ಲಿ ಮಗನ ಫೋನು ಬಂತು. ಇನ್ನೂ ಹೆರಿಗೆ ಆಗಿಲ್ಲ, ಅಂದ. “ಅಪ್ಪೀ, ಕೆಂಪಿ ಸತ್ತುಹೋಯ್ತಾ” ಎಂದು ಅತ್ತೇಬಿಟ್ಟೆ.

ಆ ಕಡೆ ಸೊಸೆಯ ದನಿ ಕೇಳಿತು. ಉಸಿರು ಕಟ್ಟಿಕೊಂಡೇ ಕೇಳಿದಳು: “ಅತ್ತೆ, ಬೆನ್ನ ಮೇಲೆ ಮಲಗಿದಾಳಾ? ಕೆಳಗೆ ಬಿಳಿ ಹಾಸಿಗೆ ಥರಾ ನೂಲು ಇದೆಯಾ?”

“ಹೌದು.”

“ಸತ್ತಿಲ್ಲ ಅತ್ತೆ. ಪೊರೆ ಬಿಡ್ತಿದಾಳೆ. ಮುಟ್ಟಬೇಡಿ, ನೀರು ಚಿಮುಕಿಸಬೇಡಿ. ಪೆಟ್ಟಿಗೇಲಿ ಹುಳ ಏನೂ ಇಲ್ಲ ತಾನೆ?”

ನನ್ನ ಬಾಯಿ ಒಣಗಿತು. ಪೊರೆ ಬಿಡುವಾಗ ಮೈಯೆಲ್ಲ ಎಳಸು, ಹಲ್ಲು ಕೂಡ ಮೆತ್ತಗೆ. ಓಡಲು, ತಡೆಯಲು ಶಕ್ತಿಯಿಲ್ಲ. ಆಗ ಹಸಿದ ಕ್ರಿಕೆಟ್ ಹುಳ ಬಂದು ಜೇಡವನ್ನೇ ಕಡಿದು ತಿನ್ನುತ್ತದೆ. ಬೇಟೆಯೇ ಬೇಟೆಗಾರನಾಗುವ ಹೊತ್ತು ಅದು. ಇದನ್ನೆಲ್ಲ ಅವಳು ಮೊದಲೇ ಹೇಳಿದ್ದಳು, ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ. “ಒಂದು ಹಾಕಿದೀನಿ” ಅಂದೆ.

ಅವಳು ಬೈಯಲಿಲ್ಲ. ನೋವು ಬಂದು ಹೋಗುವ ತನಕ ಸುಮ್ಮನಿದ್ದು, “ಅತ್ತೆ, ಉದ್ದನೆ ಚಿಮಟ ಬೀರುವಿನ ಬಲಗಡೆ ಇದೆ. ಮುಚ್ಚಳ ಅರ್ಧ ಸರಿಸಿ. ಹುಳ ನೀರಿನ ಬಟ್ಟಲ ಹತ್ತಿರ ಇರುತ್ತೆ. ಅದನ್ನ ಮಾತ್ರ ತೆಗೀರಿ. ಅವಳಿಗೆ ತಾಗಿಸಬೇಡಿ. ನಿಮ್ಮ ಕೈ ನಡುಗಲ್ಲ, ನಂಗೊತ್ತು” ಅಂದಳು.

ನನ್ನ ಕೈ ನಡುಗುತ್ತಿತ್ತು, ಸೋದರಿಯರೇ. ಕನ್ನಡಕ ಏರಿಸಿ, ಗ್ಲೌಸ್ ಹಾಕಿ, ಮುಚ್ಚಳ ಸರಿಸಿದೆ. ಹುಳ ನೀರಿನ ಬಟ್ಟಲ ಹತ್ತಿರವಿರಲಿಲ್ಲ. ಕೆಂಪಿಯ ಹಿಂಗಾಲಿನಿಂದ ಎರಡು ಬೆರಳು ದೂರದಲ್ಲಿ ಮೀಸೆ ಆಡಿಸುತ್ತ ಕೂತಿತ್ತು. ಮೊದಲ ಸಲ ತಪ್ಪಿಸಿಕೊಂಡಿತು. ಎರಡನೆಯ ಸಲ ಮೂಲೆಗೆ ಹೋಯಿತು. ಮೂರನೆಯ ಸಲ ಎಣ್ಣೆಯಿಂದ ಒಂದೇ ಒಂದು ಸಂಡಿಗೆ ಎತ್ತುವ ಹಾಗೆ ಮೆಲ್ಲಗೆ ಹಿಡಿದು ಎತ್ತಿಬಿಟ್ಟೆ. ಮುಚ್ಚಳ ಹಾಕಿ ನೆಲಕ್ಕೆ ಕೂತೆ.

ಅಲ್ಲೇ ಕೂತು ನೋಡಿದೆ. ಬೆನ್ನಿನ ಚಿಪ್ಪು ಮುಚ್ಚಳ ತೆರೆದ ಹಾಗೆ ತೆರೆಯಿತು. ಒಳಗಿನಿಂದ ಒಂದೊಂದೇ ಕಾಲನ್ನು, ಬಿಗಿಯಾದ ಬಳೆಯಿಂದ ಕೈ ಬಿಡಿಸಿಕೊಳ್ಳುವ ಹಾಗೆ, ಎಳೆದುಕೊಂಡಳು. ಗಂಟೆಗಟ್ಟಲೆ ಹಿಡಿಯಿತು. ಯಾರೂ ಸಹಾಯ ಮಾಡುವ ಹಾಗಿಲ್ಲ. ಮುಟ್ಟಿದರೆ ಕಾಲು ಮುರಿಯುತ್ತದೆ. ಹೊಸ ಮೈಯ ಕೆಂಪು ಬಣ್ಣ ಆಗ ತಾನೆ ಹಚ್ಚಿದ ಕುಂಕುಮದ ಹಾಗಿತ್ತು. ಮಧ್ಯಾಹ್ನ ಮಗ ಮತ್ತೆ ಫೋನು ಮಾಡಿದ. ಹೆಣ್ಣು ಮಗು. ತಾಯಿ, ಮಗು ಕ್ಷೇಮ. ನಾನೂ ಹೇಳಿದೆ, “ಇಲ್ಲೂ ಕ್ಷೇಮ.”

ಕೆಂಪಿ ಬಿಟ್ಟ ಪೊರೆ ಹಾಗೇ ಇಡೀ ಜೇಡದ ಆಕಾರದಲ್ಲಿತ್ತು. ಉಗುರು, ಹಲ್ಲು, ರೋಮ ಎಲ್ಲ ಸಹಿತ. ನಮ್ಮ ಸೊರಬದ ಗುಡಿಗಾರರು ಗಂಧದ ತುಂಡಿನಲ್ಲಿ ಕೆತ್ತಿದರೂ ಇಷ್ಟು ನಾಜೂಕು ಬರಬೇಕಾದರೆ ಕಷ್ಟಪಡಬೇಕು. ಊರಿಗೆ ತಂದು ನಮ್ಮನೆಯವರಿಗೆ ತೋರಿಸಬೇಕೆಂದಿದ್ದೆ. “ಪೊರೆಗೂ ಕಾಗದಪತ್ರ ಬೇಕಾಗುತ್ತೆ ಅತ್ತೆ” ಎಂದಳು ಸೊಸೆ. ಬಿಟ್ಟು ಬಂದೆ.

ನವೆಂಬರಿನಲ್ಲಿ ನೀಲಿಯ ಗಂಟು ಒಡೆದು ಮರಿ ಹೊರಬಂದವು. ಎಣಿಸಿದವಳು ನಾನೇ. 94. ಸಾಸಿವೆಗಿಂತ ಸ್ವಲ್ಪ ದೊಡ್ಡ ಮೈ, ಅದಕ್ಕೆ ದಾರದಂಥ ಕಾಲು. ಒಂದೊಂದನ್ನು ಒಂದೊಂದು ಔಷಧಿ ಲೋಟಕ್ಕೆ ಹಾಕಿ, ಮುಚ್ಚಳಕ್ಕೆ ಸೂಜಿಯಲ್ಲಿ ತೂತು ಚುಚ್ಚಿ, ತಾರೀಕು ಬರೆಯಬೇಕು. ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟರೆ ಸಂಡಿಗೆ ಇಟ್ಟ ಹಾಗೆ ಕಾಣುತ್ತಿತ್ತು. ಸೊಸೆ ಮಗುವಿಗೆ ಹಾಲು ಕೊಡುತ್ತ ಹೇಳುವುದು, ಮಗ ಮರಿ ಹಿಡಿಯುವುದು, ನಾನು ಲೋಟಕ್ಕೆ ಪಿಲ್ಲರಿನಲ್ಲಿ ಎರಡೆರಡು ಹನಿ ನೀರು ಬಿಡುವುದು. ಮಗುವನ್ನು ಎತ್ತಿಕೊಳ್ಳುವ ಮೊದಲು ಮೂವರೂ ಸೋಪಿನಲ್ಲಿ ಕೈ ತೊಳೆಯುವುದು. 94ರಲ್ಲಿ 7 ಉಳಿಯಲಿಲ್ಲ. ಅರ್ಧ ಪಾಲು ಗಂಡಿನ ಮನೆಗೆ ಹೋಯಿತು. ಒಂದು ಸಂಜೆ ಸೊಸೆ, “ಅತ್ತೆ, ನನಗೆ ಮಗು ಸಾಕೋಕೆ ಪುರುಸೊತ್ತು ಸಿಗ್ತಿದೆ ಅಲ್ವಾ?” ಅಂದಳು. ನಗುತ್ತಲೇ ಕೇಳಿದಳು. ನಾನು ಕೆಲಸ ನಿಲ್ಲಿಸಿ, “ಆ ಮಾತು ನನ್ನ ಬಾಯಿಂದ ಬರಬಾರದಿತ್ತು” ಅಂದೆ. ಅತ್ತೆಯಾದ ಮೇಲೆ ಸೊಸೆಯ ಹತ್ತಿರ ತಪ್ಪು ಒಪ್ಪಿಕೊಂಡದ್ದು ಅದೇ ಮೊದಲು. ಒಪ್ಪಿಕೊಂಡರೆ ಏನೂ ಕಡಿಮೆಯಾಗುವುದಿಲ್ಲ, ಸೋದರಿಯರೇ.

ಊರಿಗೆ ಬಂದದ್ದು ಫೆಬ್ರವರಿ ಕೊನೆಗೆ. ನಮ್ಮ ಮನೆಯ ಹಿಂದೆ ತೋಟಕ್ಕೆ ಇಳಿಯುವಲ್ಲಿ ಎರಡಾಳು ಎತ್ತರದ ಮಣ್ಣಿನ ಧರೆಯಿದೆ. ಮಳೆ ಹಿಡಿದ ಮೇಲೆ ಒಂದು ದಿನ ಅಲ್ಲಿ ಹುಲ್ಲು ಸವರುತ್ತಿದ್ದ ಹೆಂಗಸು ಕೂಗಿದಳು, “ಅಮ್ಮಾ, ತೂತಾಗೆ ದೊಡ್ ಜೇಡ ಐತೆ, ಬಿಸಿನೀರ್ ಹೊಯ್ಲಾ?” ಓಡಿಹೋಗಿ ನೋಡಿದೆ. ರೂಪಾಯಿಯಗಲದ ಬಿಲ, ಬಾಯಿಗೆ ತೆಳ್ಳಗೆ ನೂಲಿನ ಅಂಚು. ಇಷ್ಟು ವರ್ಷ ದಿನಾ ಓಡಾಡಿದ ಜಾಗ. ರಾತ್ರಿ ಟಾರ್ಚು ಹಿಡಿದು ನೋಡಿದರೆ ಬಾಯಲ್ಲಿ ನಾಲ್ಕು ಕಂದು ಕಾಲು. ಧರೆಯುದ್ದಕ್ಕೂ ಅಂಥ ಐದು ಬಿಲ! ಫೋಟೊ ಕಳಿಸಿದಾಗ ಸೊಸೆ ಕುಣಿದಾಡಿದಳು. ಪಶ್ಚಿಮ ಘಟ್ಟದ ಧರೆಗಳಲ್ಲಿ ಬಿಲ ತೋಡಿಕೊಂಡಿರುವ ಟರಾಂಟುಲಾಗಳಿವೆ. ಅವುಗಳಲ್ಲಿ ಕೆಲವು ಜಾತಿ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಗುಡವಿಗೆ ಹಕ್ಕಿ ನೋಡಲು ದೂರದೂರದಿಂದ ಜನ ಬರುತ್ತಾರೆ. ನಮ್ಮ ಹಿತ್ತಿಲ ಧರೆಯಲ್ಲಿ ಯಾರಿದ್ದಾರೆಂದು ನಮಗೇ ಗೊತ್ತಿರಲಿಲ್ಲ. ಬಿಸಿನೀರು ಹೊಯ್ಯಲು ಬಿಡಲಿಲ್ಲ. ಆ ಹೆಂಗಸಿಗೆ, “ಅದು ಜಿರಲೆ, ಹುಳ ತಿನ್ನೋದು ಮಾರಾಯ್ತಿ, ನಮ್ಮ ತಂಟೆಗೆ ಬರಲ್ಲ. ಬರಿಗೈ ಮಾತ್ರ ತೂತಿಗೆ ಹಾಕಬ್ಯಾಡ” ಅಂದೆ.

ಈಗ ಶಿಕಾರಿಪುರದ ಸೋದರಿಗೆ ಉತ್ತರ. ಮಗನನ್ನು ಬೈಯಬೇಡಿ. ಎದುರಿಗೆ ಕೂರಿಸಿಕೊಂಡು ಇಷ್ಟು ಹೇಳಿ:

1. ಧರೆ ಅಗೆದು, ಮರದ ಪೊಟರೆ ಕೆದಕಿ ಜೇಡ ತರಕೂಡದು. ಹೆಣ್ಣು ಪ್ರಾಯಕ್ಕೆ ಬರಲು ವರ್ಷಗಟ್ಟಲೆ ಬೇಕು. ಒಂದು ಹೆಣ್ಣನ್ನು ತಂದರೆ ಆ ಧರೆಯ ಮುಂದಿನ ಸಂತಾನವನ್ನೇ ತಂದ ಹಾಗೆ.

2. ಆನ್‌ಲೈನಿನಲ್ಲಿ ಗುಟ್ಟಾಗಿ ಮಾರುವವರಿಂದ ಕೊಳ್ಳಕೂಡದು. ನಮ್ಮ ನೀಲಿಯ ಕುಲದ ಜೇಡಗಳೆಲ್ಲವೂ 2019ರಲ್ಲಿ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೆಯ ಪಟ್ಟಿಗೆ ಸೇರಿವೆ. ಕೆಂಪಿಯ ಕುಲ ಅದಕ್ಕೂ ಮೊದಲೇ ಸೇರಿದೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಆ ಪಟ್ಟಿಯ ಜೀವಿ ಇಟ್ಟುಕೊಂಡವರು ಸರ್ಕಾರಕ್ಕೆ ತಿಳಿಸಿ ನೋಂದಾಯಿಸಬೇಕು, ಮರಿಯಾದರೂ ತಿಳಿಸಬೇಕು. ಏನೇ ಇದ್ದರೂ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಲಿ.

3. ಇದು ಆರು ತಿಂಗಳ ಆಟದ ಸಾಮಾನಲ್ಲ. ಹೆಣ್ಣಾದರೆ 20 ವರ್ಷ. ಕೆಲಸಕ್ಕೆಂದು ಅವನು ಬೇರೆ ಊರಿಗೆ ಹೋದರೆ ನೀರಿಡುವವರು ನೀವೇ!

4. ಜೇಡ ಕಡಿದರೆ ಸೋಪು, ನೀರಿನಲ್ಲಿ ತೊಳೆದು ನೇರ ಆಸ್ಪತ್ರೆಗೆ. ಸೊಪ್ಪು ಅರೆದು ಹಚ್ಚುವುದು, ಮಂತ್ರಿಸುವುದು, ಕೊಯ್ದು ರಕ್ತ ತೆಗೆಯುವುದು ಬೇಡ.

ಇಷ್ಟು ಕೇಳಿದ ಮೇಲೂ ಅವನ ಆಸೆ ಆರದಿದ್ದರೆ ಒಂದು ಟಾರ್ಚು, ಒಂದು ನೋಟ್‌ಬುಕ್ ಕೊಟ್ಟು ನಮ್ಮ ಮನೆಗೆ ಕಳಿಸಿ. ಬೂಟು ಹಾಕಿಕೊಂಡು ಬರಲಿ, ಧರೆಯ ಹತ್ತಿರ ಹಾವೂ ಇರುತ್ತದೆ. ಯಾವ ಬಿಲದ ಬಾಯಿ ಯಾವಾಗ ತೆರೆಯಿತು, ಯಾವಾಗ ಮುಚ್ಚಿತು ಎಂದು ಬರೆಯಲಿ. ನಾನು ಈಗಾಗಲೇ ಹಳೆಯ ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಿದ್ದೇನೆ. ಕಳೆದ ವಾರ ಮೂರನೆಯ ಬಿಲ ಒಳಗಿನಿಂದ ಮಣ್ಣು, ನೂಲಿನಲ್ಲಿ ಮುಚ್ಚಿಕೊಂಡಿದೆ. ಪೊರೆಯೋ, ಮೊಟ್ಟೆಯೋ ತಿಳಿಯದು. ಸೊಸೆ ದಿನಾ ರಾತ್ರಿ ಫೋನು ಮಾಡಿ ಮೊದಲು ಕೇಳುವುದು ಅದನ್ನೇ. ಆಮೇಲೆ ನನ್ನ ಮಂಡಿನೋವು. ಕೊನೆಗೆ ಮೊಮ್ಮಗಳನ್ನು ಫೋನಿನ ಮುಂದೆ ಹಿಡಿಯುತ್ತಾಳೆ.

ಮುಂದಿನ ಸಂಚಿಕೆಯಲ್ಲಿ, ಹಲವರು ಕೇಳಿದ ಹಾಗೆ, ಕಳಲೆ ಉಪ್ಪಿನಕಾಯಿ ಕೆಡದ ಹಾಗೆ ಇಡುವ ಬಗೆ ಬರೆಯುತ್ತೇನೆ.

ನಿಮ್ಮ ಅಕ್ಕ,
ಸೊರಬದಿಂದ